ಬರಲೇಬೇಕಾದವರು

ನಿವೃತ್ತನಾದ ಮೇಲೆ ಗೇಟಿನ ಸದ್ದಿಗೆ ಕಿವಿಗೊಡುವುದೇ ನನ್ನ ಮುಖ್ಯ ಉದ್ಯೋಗವಾಗಿದೆ. ಬಸವೇಶ್ವರನಗರದ ನಮ್ಮ ಬೀದಿಗೆ ಬರುವವರಿಗೇನೂ ಬರವಿಲ್ಲ. ಒಗ್ಗರಣೆಯ ಸಾಸಿವೆ ಸಿಡಿಯುತ್ತಿರುವಾಗಲೇ ಕರಿಬೇವು ತಂದುಕೊಡುವ ಹುಡುಗರಿದ್ದಾರೆ. ಎದುರು ಮನೆಯ ಸಾಫ್ಟ್‌ವೇರ್ ದಂಪತಿಗೆ ಮಧ್ಯರಾತ್ರಿ ಬಿರಿಯಾನಿ ತರುವವರಿದ್ದಾರೆ. ಚಪ್ಪಲಿ ತಂದು, ಅಳತೆ ಸರಿಯಿಲ್ಲವೆಂದರೆ ಮರುದಿನ ಬಂದು ವಾಪಸು ಒಯ್ಯುವವರೂ ಇದ್ದಾರೆ. ಇವರೆಲ್ಲ ಬರುವುದು ನಮ್ಮ ಬೀದಿಗೆ ಬಂದರೆ ಗಿಟ್ಟುತ್ತದೆಂದು. ಗಿಟ್ಟದ ದಿನ ಬರುವುದಿಲ್ಲ, ಹೇಳಿಯೂ ಹೋಗುವುದಿಲ್ಲ. ಈ ದಂಡಿನಲ್ಲಿ ಗಿಟ್ಟಲಿ ಬಿಡಲಿ ಬರಲೇಬೇಕಾದವರು ಒಬ್ಬರೇ. ಸ್ಕೂಟರಿನ ಮೇಲೆ ಚೀಲ ಇಟ್ಟುಕೊಂಡು, ಗೇಟಿನಾಚೆಯಿಂದಲೇ "ಪೋಸ್ಟ್!" ಎಂದು ಕೂಗುವ ಹುಡುಗಿ.

ನಮ್ಮ ಕಾಲದ ಪೋಸ್ಟ್‌ಮ್ಯಾನ್‌ಗೆ ಸೈಕಲ್ಲಿತ್ತು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲಿತ್ತು. ಈಕೆಯ ಕೈಯಲ್ಲಿ ಮೊಬೈಲು. "ಅಂಕಲ್, ಓಟಿಪಿ ಬಂತಾ?" ಎನ್ನುತ್ತಾಳೆ. ನಾನು ಕನ್ನಡಕ ಹುಡುಕಿ, ಕನ್ನಡಕದಿಂದ ಮೊಬೈಲು ಹುಡುಕಿ, ಓಟಿಪಿ ಓದಿ ಹೇಳುವ ಹೊತ್ತಿಗೆ ಆಕೆ ಪಕ್ಕದ ಎರಡು ಮನೆ ಮುಗಿಸಿ ಬಂದಿರುತ್ತಾಳೆ. ತರುವುದೇನು? ಬ್ಯಾಂಕಿನ ಕಾರ್ಡು, ವಿಮೆಯ ಕಂತಿನ ನೆನಪೋಲೆ, ಮಗನ ಗಾಡಿಯ ಆರ್‌ಸಿ, ಯಾವತ್ತೋ ಕೊಂಡು ಮರೆತ ಷೇರಿನ ಕಂಪನಿಯವರು ನನ್ನನ್ನು ಮರೆಯದೆ ಕಳಿಸುವ ವಾರ್ಷಿಕ ಸಭೆಯ ನೋಟಿಸು. ಹಿಂದೆಲ್ಲ ಕಾಗದಗಳು 'ಕ್ಷೇಮ' ಎಂದು ಶುರುವಾಗುತ್ತಿದ್ದವು. ಈಗ ಎಲ್ಲವೂ 'ಮಾನ್ಯ ಗ್ರಾಹಕರೇ' ಎಂದೇ ಶುರು. ನಮ್ಮ ಕ್ಷೇಮ ಈಗ ಕಂತು ಕಟ್ಟಿದ್ದೇವೋ ಇಲ್ಲವೋ ಎಂಬುದರಲ್ಲಿ ಅಡಗಿದೆ.

ಹೀಗೆ ಗಿಟ್ಟದಿದ್ದರೂ ಬರಬೇಕಾದ ಕಟ್ಟುಪಾಡಿಗೆ ದೊಡ್ಡವರು ಸಾರ್ವತ್ರಿಕ ಸೇವೆಯ ಹೊಣೆ ಎನ್ನುತ್ತಾರೆ. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 1874ರಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟಕ್ಕೆ ಭಾರತ ಸೇರಿದ್ದು 1876ರಲ್ಲಿ. ಸದಸ್ಯ ದೇಶಗಳೆಲ್ಲ ಇಂದು ಒಪ್ಪಿಕೊಂಡಿರುವ ಮಾತಿನ ಸಾರ ಇಷ್ಟೆ: ದೇಶದ ಯಾವ ಮೂಲೆಯ ಮನೆಯಾದರೂ ಸರಿ, ಕೈಗೆಟುಕುವ ಬೆಲೆಗೆ, ತಪ್ಪದೆ, ಕಾಗದ ತಲುಪಬೇಕು. ಹೇಳುವುದು ಸುಲಭ. ಆದರೆ ಮನೆ ಎಲ್ಲಿದೆ ಎಂದು ಮೊದಲು ಗೊತ್ತಾಗಬೇಕಲ್ಲ.

ನಾನು ಬೆಳೆದದ್ದು ರಾಜಾಜಿನಗರದಲ್ಲಿ. ಅಲ್ಲಿ ಬ್ಲಾಕು, ಮೈನು, ಕ್ರಾಸುಗಳೆಂಬ ಮೂರು ಗುಣಗಳಿಂದ ಲೋಕ ಸೃಷ್ಟಿಯಾಗಿದೆ. ಹತ್ತೊಂಬತ್ತಾದ ಮೇಲೆ ಇಪ್ಪತ್ತು ಬರುತ್ತದೆಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಬೀದಿಗೆ ಬಂದರೆ ಹತ್ತೊಂಬತ್ತಾದ ಮೇಲೆ 'ಹತ್ತೊಂಬತ್ತನೇ ಎ ಮೈನ್' ಬರುತ್ತಿತ್ತು. ಮನೆಗೆ ಹಳೇ ನಂಬರು, ಹೊಸ ನಂಬರು ಎರಡೂ ಇದ್ದವು. ಹಳೆಯದನ್ನು ಯಾರೂ ಬಿಟ್ಟಿರಲಿಲ್ಲ, ಹೊಸದನ್ನು ಯಾರೂ ನಂಬಿರಲಿಲ್ಲ. ಕಾರ್ಡ್ ರೋಡಿನ ಆಚೆಗೆ ಮನೆ ಕಟ್ಟಿಕೊಂಡವರ ವಿಳಾಸವಂತೂ 'ವೆಸ್ಟ್ ಆಫ್ ಕಾರ್ಡ್ ರೋಡ್'. ಕಾರ್ಡ್ ರೋಡಿನ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ತನಕ ಏನೆಲ್ಲ ಇದೆ! ಆದರೂ ಕಾಗದ ತಲುಪುತ್ತಿತ್ತು. 'ನವರಂಗ್ ಟಾಕೀಸಿನ ಹಿಂದೆ, ನೀಲಿ ಗೇಟು' ಎಂದಷ್ಟೇ ಬರೆದ ಲಗ್ನಪತ್ರಿಕೆಯೂ ಮುಹೂರ್ತಕ್ಕೆ ಮೊದಲೇ ಬಂದ ದಾಖಲೆ ನಮ್ಮ ಮನೆಯಲ್ಲಿದೆ. ಗೇಟಿಗೆ ಹಸಿರು ಬಣ್ಣ ಬಳಿದು ವರ್ಷವಾಗಿತ್ತು ಎಂಬುದು ಬೇರೆ ಮಾತು. ಪೋಸ್ಟ್‌ಮ್ಯಾನ್‌ಗೆ ನಮ್ಮ ಗೇಟಿನ ಪೂರ್ವಾಶ್ರಮವೂ ಗೊತ್ತಿತ್ತು.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಅದನ್ನು ರೂಪಿಸಿದವರು ಅಂಚೆ ಮತ್ತು ತಂತಿ ಮಂಡಳಿಯಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ರಾಜಾಜಿನಗರಕ್ಕೆ 560010, ವಿಜಯನಗರಕ್ಕೆ 560040, ಕೆಂಗೇರಿಗೆ 560060, ಬಸವೇಶ್ವರನಗರಕ್ಕೆ 560079. ಆರಂಕಿಯನ್ನು ಯಾರು ಬರೆಯುತ್ತಾರೆ? 'ಬೆಂಗಳೂರು–10' ಎಂದರೆ ಮುಗಿಯಿತು. ಆ ಹತ್ತಕ್ಕೆ ಒಂದು ಗತ್ತಿತ್ತು. ಗಂಡಿನ ಕಡೆಯವರು ಜಾತಕ ನೋಡುವ ಮೊದಲು ಈ ಅಂಕಿ ನೋಡುತ್ತಿದ್ದರೆಂದು ನನ್ನ ಅನುಮಾನ. ಕೆಂಗೇರಿಯಲ್ಲಿ ಸೈಟು ತೆಗೆದುಕೊಂಡ ನಮ್ಮ ಸೋದರಮಾವನನ್ನು ಮನೆಮಂದಿಯೆಲ್ಲ ಊರು ಬಿಟ್ಟು ಹೋದವರಂತೆ ಕಣ್ಣೀರಿಟ್ಟು ಬೀಳ್ಕೊಟ್ಟಿದ್ದೆವು. ಈಗ ಮೆಟ್ರೊ ಕೆಂಗೇರಿಯನ್ನೂ ದಾಟಿ ಹೋಗುತ್ತದೆ. ಮಾವನ ಮಕ್ಕಳು ನಮ್ಮ ಟ್ರಾಫಿಕ್ ಕಂಡು ನಮಗಾಗಿ ಕಣ್ಣೀರಿಡುತ್ತಾರೆ.

ಈಗ ಪಿನ್ನಿನ ಜೊತೆಗೆ ಡಿಜಿಪಿನ್ ಬಂದಿದೆ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಹೊರತಂದ ಈ ವ್ಯವಸ್ಥೆ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳನ್ನಾಗಿ ಕತ್ತರಿಸಿ, ಒಂದೊಂದಕ್ಕೂ ಹತ್ತು ಅಕ್ಷರ–ಅಂಕಿಗಳ ಗುರುತು ಕೊಟ್ಟಿದೆ. ಹೈದರಾಬಾದಿನ ಐಐಟಿ ಮತ್ತು ಇಸ್ರೊದ ದೂರಸಂವೇದಿ ಕೇಂದ್ರದ ನೆರವಿನಿಂದ ಮಾಡಿದ ಕೆಲಸ. ನಾನು ಕಾಗದ ಪೆನ್ನು ಹಿಡಿದು ಕೂತೆ. ನಮ್ಮದು ಮೂವತ್ತು–ನಲವತ್ತರ ಸೈಟು. ವಿಸ್ತೀರ್ಣದ ಲೆಕ್ಕದಲ್ಲಿ ಅದು ಸುಮಾರು ಏಳು ಚೌಕ. ಅಂದರೆ ಹಾಲಿಗೊಂದು ವಿಳಾಸ, ದೇವರ ಮನೆಗೊಂದು, ಅಡುಗೆಮನೆಗೊಂದು. ಆದರೆ ಮಹಡಿಯ ಬಾಡಿಗೆದಾರರಿಗೂ ಕೆಳಗಿನ ನಮಗೂ ಒಂದೇ, ಏಕೆಂದರೆ ಈ ಲೆಕ್ಕಕ್ಕೆ ಎತ್ತರ ಗೊತ್ತಿಲ್ಲ. ಮನೆಯಾಕೆಗೆ ವಿವರಿಸಿದೆ. "ಹಾಗಾದ್ರೆ ಅಡುಗೆಮನೆ ಬೇರೆ ವಿಳಾಸ ಅಂತಾಯ್ತು. ಅದಕ್ಕೇ ನೋಡ್ರೀ, ಇಷ್ಟು ವರ್ಷ ನಿಮಗೆ ದಾರಿ ಸಿಕ್ಕಿಲ್ಲ" ಎಂದಳು.

ಅಪ್ಪ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದರು. ಸರ್ಕಾರಿ ಸೋಪ್ ಫ್ಯಾಕ್ಟರಿ 1957ರಲ್ಲಿ ಆ ಕಡೆಗೆ ಬಂದ ಮೇಲೆ ಗಾಳಿ ಬೀಸಿದರೆ ಇಡೀ ಪ್ರದೇಶಕ್ಕೆ ಗಂಧದ ವಾಸನೆ. ಆಗುಂಬೆಯ ಮಗ್ಗುಲಿನ ನಮ್ಮ ಮೂಲ ಊರಿನಲ್ಲಿ ಅಜ್ಜಿಯೂ ಅತ್ತೆಯೂ ಇದ್ದರು. "ನಿಮ್ಮನೆ ಕಾಗದಕ್ಕೂ ಗಂಧದ ವಾಸನೆ ಮಾರಾಯ" ಎಂದು ಅತ್ತೆ ಮೂಸಿ ನೋಡುತ್ತಿದ್ದರಂತೆ. ಗಂಧದ ಮರ ಹೋಗುತ್ತಿದ್ದದ್ದು ಮಲೆನಾಡಿನಿಂದ, ವಾಸನೆ ಮಾತ್ರ ಅಂಚೆಯಲ್ಲಿ ವಾಪಸು ಬರುತ್ತಿತ್ತು.

ಸಂಬಳವಾದ ಮೇಲೆ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಪೋಸ್ಟಾಫೀಸಿನ ಸಾಲಿನಲ್ಲಿ ನಿಂತು ಊರಿಗೆ ಮನಿಯಾರ್ಡರ್ ಮಾಡುವುದು. 1880ರಿಂದ ನಡೆದುಕೊಂಡು ಬಂದ ಈ ಸೇವೆಗೆ ಕೊನೆಕೊನೆಗೆ ನೂರು ರೂಪಾಯಿಗೆ ಐದು ರೂಪಾಯಿ ಕಮಿಷನ್ ಇತ್ತು. ಕಮಿಷನ್ ಕೊಡುವಾಗ ಅಪ್ಪನ ಮುಖ ತುಸು ಸಣ್ಣಗಾಗುತ್ತಿತ್ತು. ಆದರೆ ಫಾರಂನ ಕೆಳಗೆ ಸಂದೇಶಕ್ಕೆಂದು ಬಿಟ್ಟ ಗೇಣುದ್ದದ ಜಾಗ ಕಂಡೊಡನೆ ಮತ್ತೆ ಅರಳುತ್ತಿತ್ತು. ಅಲ್ಲಿ ಬರೆದದ್ದಕ್ಕೆ ಬೇರೆ ದುಡ್ಡಿಲ್ಲ! ತಂಗಿಯ ಹಲ್ಲು ಬಿದ್ದದ್ದು, ನನ್ನ ಗಣಿತದ ಅಂಕ ಬಿದ್ದದ್ದು, ನಲ್ಲಿಯಲ್ಲಿ ನೀರು ಬೀಳದಿದ್ದದ್ದು ಎಲ್ಲವನ್ನೂ ಇರುವೆ ಸಾಲಿನ ಅಕ್ಷರಗಳಲ್ಲಿ ತುಂಬಿ, ಕಮಿಷನ್ನಿನ ಸೇಡು ತೀರಿಸಿಕೊಳ್ಳುತ್ತಿದ್ದರು.

ಊರಿನ ಪೋಸ್ಟಾಫೀಸು ಒಂದು ಅಡಿಕೆ ತೋಟದ ಮನೆಯ ಜಗುಲಿ. ಮೇಜು, ತಕ್ಕಡಿ, ಮೊಹರು, ಗೋಣಿಚೀಲ ಇವೇ ಆಸ್ತಿ. ಅಲ್ಲಿಂದ ಒಬ್ಬರು ಹಳ್ಳ ದಾಟಿ, ಜಿಗಣೆ ಕಿತ್ತುಕೊಳ್ಳುತ್ತ, ಮನೆಮನೆಗೂ ನಡೆಯಬೇಕು. ಮಳೆಗಾಲದಲ್ಲಿ ದುಡ್ಡಿನ ಜೊತೆಗೆ ಅವರೂ ನೆನೆದು ಬರುತ್ತಿದ್ದರು. ಅಜ್ಜಿ ಅವರಿಗೆ ಕಾಫಿ ಕೊಟ್ಟು, ನೋಟುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದರು. ಆ ಜಗುಲಿಯ ಕಚೇರಿ ತನ್ನ ಖರ್ಚನ್ನು ತಾನು ದುಡಿಯಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಕೊಡುತ್ತಿದ್ದವರು ಯಾರು?

ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಇಲಾಖೆಯ ನಿಯಮಗಳನ್ನು ಓದುವಾಗ. ಪಟ್ಟಣದಲ್ಲಿ ಹೊಸ ಪೋಸ್ಟಾಫೀಸು ತೆರೆಯಬೇಕಾದರೆ ಅದು ಮೊದಲಿನಿಂದಲೇ ತನ್ನ ಖರ್ಚು ತಾನು ನೋಡಿಕೊಳ್ಳಬೇಕು. ವರ್ಷ ಕಳೆದು ಲೆಕ್ಕ ನೋಡುವಾಗ ಶೇ 5ರಷ್ಟು ಲಾಭ ತೋರಿಸಬೇಕು. ಹಳ್ಳಿಯ ಕಚೇರಿ ತನ್ನ ಖರ್ಚಿನ ಮೂರರಲ್ಲೊಂದು ಪಾಲು ಗಳಿಸಿದರೆ ಸಾಕು. ಗುಡ್ಡಗಾಡು, ಕಾಡು, ಮರುಭೂಮಿಯಾದರೆ ಶೇ 15 ಬಂದರೂ ಸಾಕು. ಓದುತ್ತ ಓದುತ್ತ ನಗು ಬಂತು. ನಮ್ಮ ಮನೆಯ ಲೆಕ್ಕವನ್ನು ಯಾರೋ ದೆಹಲಿಗೆ ಒಯ್ದು ನಿಯಮ ಮಾಡಿಟ್ಟಂತಿತ್ತು. ರಾಜಾಜಿನಗರವೆಂದರೆ ಪಟ್ಟಣದಲ್ಲಿ ದುಡಿಯುವ ಹಿರಿಮಗ. ಊರಿನ ಜಗುಲಿ ಮನೆಯಲ್ಲಿ ಉಳಿದ ಅಜ್ಜಿ. ಅಪ್ಪ ಒಂದೇ ಕೌಂಟರಿನಲ್ಲಿ ಎರಡು ಸಲ ಊರಿಗೆ ದುಡ್ಡು ಕಳಿಸುತ್ತಿದ್ದರು. ಒಂದು ಸಲ ಗೊತ್ತಿದ್ದು, ಫಾರಂ ತುಂಬಿ. ಇನ್ನೊಂದು ಸಲ ಗೊತ್ತಿಲ್ಲದೆ, ಅಂಚೆ ಚೀಟಿ ಅಂಟಿಸಿ. ದೇಶದಲ್ಲಿರುವ ಸುಮಾರು 1.64 ಲಕ್ಷ ಪೋಸ್ಟಾಫೀಸುಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಗಳಲ್ಲಿವೆ. ಹಿರಿಮಗನ ಹೆಗಲು ಎಷ್ಟು ಬಾಗಿರಬೇಕು!

ಎಲ್ಲರಿಗೂ ಒಂದೇ ಬೆಲೆ ಎಂಬ ಯೋಚನೆಯನ್ನು ಗೆಲ್ಲಿಸಿದವರು ಇಂಗ್ಲೆಂಡಿನ ರೋಲೆಂಡ್ ಹಿಲ್. 1837ರಲ್ಲಿ ಅವರು ಲೆಕ್ಕ ಹಾಕಿ ನೋಡಿದರೆ, ಲಂಡನ್ನಿನಿಂದ ಎಡಿನ್‌ಬರೋಕ್ಕೆ ಒಂದು ಕಾಗದ ಹೊರುವ ಖರ್ಚು ಒಂದು ಪೆನ್ನಿಯ 36ನೇ ಒಂದು ಪಾಲು ಮಾತ್ರ. ದುಡ್ಡು ಸೋರುತ್ತಿದ್ದದ್ದು ದೂರದಲ್ಲಲ್ಲ, ಎಷ್ಟು ದೂರವೆಂದು ಅಳೆದು ಬರೆದಿಡುವ ಗುಮಾಸ್ತಗಿರಿಯಲ್ಲಿ. 1840ರಲ್ಲಿ ಬ್ರಿಟನ್ನಿಗೆ ಒಂದು ಪೆನ್ನಿಯ ಅಂಚೆ ಬಂತು. 1854ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಇಲ್ಲಿಗೆ ತಂದ. ಕಾಲು ತೊಲ ತೂಕದ ಕಾಗದ ಭಾರತದಲ್ಲಿ ಎಲ್ಲಿಂದೆಲ್ಲಿಗೆ ಹೋದರೂ ಅರ್ಧಾಣೆ. ದತ್ತಕವನ್ನು ಒಪ್ಪದೆ ರಾಜ್ಯಗಳನ್ನು ನುಂಗಿದ ಮನುಷ್ಯ ಕಾಗದದ ದೂರವನ್ನೂ ನುಂಗಿಬಿಟ್ಟ. ಅವನು ನುಂಗಿದವುಗಳಲ್ಲಿ ನಮಗೆ ದಕ್ಕಿದ್ದು ಇದೊಂದೇ ಇರಬೇಕು.

ನಮ್ಮ ಮೈಸೂರಿನದು ಬೇರೆಯೇ ಕತೆ. ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ಏರ್ಪಾಡು ಮಾಡಿದ್ದರು. ಅದು 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಲೀನವಾಯಿತು. ಒಡೆಯರ ಅಂಚೆಯವರಿಗೆ ಕಾಗದ ಸಾಗಿಸುವುದರ ಜೊತೆಗೆ ಇನ್ನೊಂದು ಹೊಣೆಯಿತ್ತು: ಸೀಮೆಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಅರಮನೆಗೆ ಸುದ್ದಿ ಮುಟ್ಟಿಸುವುದು. ಇತಿಹಾಸಕಾರ ವಿಲ್ಕ್ಸ್ ಇದನ್ನು ಹುಬ್ಬೇರಿಸಿ ಬರೆದಿದ್ದಾನೆ. ರಾಜಾಜಿನಗರದಲ್ಲಿ ಬೆಳೆದ ನನಗೆ ಆಶ್ಚರ್ಯವಾಗಲಿಲ್ಲ. ಯಾರ ಮಗನಿಗೆ ಕೆಲಸದ ಆರ್ಡರ್ ಬಂತು, ಯಾರ ಮನೆಗೆ ವಕೀಲರ ನೋಟಿಸು ಬಂತು, ಯಾವ ಹುಡುಗಿಗೆ ಭಿಲಾಯಿಯಿಂದ ವಾರಕ್ಕೆ ಎರಡು ಇನ್‌ಲ್ಯಾಂಡ್ ಲೆಟರ್ ಬರುತ್ತದೆ ಎಂಬುದೆಲ್ಲ ನಮ್ಮ ಪೋಸ್ಟ್‌ಮ್ಯಾನ್‌ಗೆ ತಿಳಿದಿತ್ತು. ಒಂದು ವ್ಯತ್ಯಾಸವೆಂದರೆ ಅವರು ಯಾವ ಅರಮನೆಗೂ ಹೇಳಲಿಲ್ಲ.

ಇಷ್ಟೆಲ್ಲ ಹೊಣೆ ಹೊರಿಸಿದ ಸರ್ಕಾರ ಅದಕ್ಕೆ ಪ್ರತಿಯಾಗಿ ಒಂದು ಹಕ್ಕನ್ನೂ ಇಟ್ಟುಕೊಂಡಿತ್ತು. 1898ರ ಅಂಚೆ ಕಚೇರಿ ಕಾಯ್ದೆಯ ನಾಲ್ಕನೇ ಕಲಮಿನ ಪ್ರಕಾರ ಕಾಗದ ಸಾಗಿಸುವ ಅಧಿಕಾರ ಸರ್ಕಾರಕ್ಕೆ ಮಾತ್ರ. ವಿನಾಯಿತಿಗಳಿದ್ದವು. ಪ್ರಯಾಣ ಹೊರಟ ಗೆಳೆಯನ ಕೈಯಲ್ಲಿ ಕಾಗದ ಕೊಡಬಹುದು, ಆದರೆ ಅವನು ಬಾಡಿಗೆಯನ್ನಾಗಲಿ ಪ್ರತಿಫಲವನ್ನಾಗಲಿ ತೆಗೆದುಕೊಳ್ಳುವಂತಿಲ್ಲ. ಊರಿನಿಂದ ಬರುವಾಗ ಎಲ್ಲರ ಕಾಗದ ಹೊತ್ತು ತಂದು, ಮನೆಗೊಂದರಂತೆ ಹಂಚುತ್ತ, ಪ್ರತಿ ಮನೆಯಲ್ಲೂ ತಿಂಡಿ ಕಾಫಿ ಮುಗಿಸುತ್ತಿದ್ದ ನಮ್ಮ ದೊಡ್ಡಪ್ಪ ಜೀವಮಾನವಿಡೀ ಈ ಕಲಮನ್ನು ಉಲ್ಲಂಘಿಸಿದ ಅಪರಾಧಿ. ಮಸಾಲೆದೋಸೆ ಪ್ರತಿಫಲವಲ್ಲವೆಂದು ಯಾವ ವಕೀಲರೂ ವಾದಿಸಲಾರರು. ಕೊರಿಯರ್ ಕಂಪನಿಯವರು ಮಾತ್ರ ಜಾಣರು. ಅವರು ಸಾಗಿಸಿದ್ದು ಕಾಗದವಲ್ಲ, 'ಡಾಕ್ಯುಮೆಂಟ್'. ದಶಕಗಳ ಕಾಲ ಈ ದೇಶದಲ್ಲಿ ಕೊರಿಯರಿನಲ್ಲಿ ಹೋದ ಪ್ರೇಮಪತ್ರಗಳೂ ಡಾಕ್ಯುಮೆಂಟುಗಳೇ. ಅವುಗಳಲ್ಲಿ ಕೆಲವು ಮುಂದೆ ಕೋರ್ಟಿನಲ್ಲಿ ನಿಜಕ್ಕೂ ಡಾಕ್ಯುಮೆಂಟುಗಳಾಗಿರಲೂ ಸಾಕು.

2023ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಅಂಚೆ ಕಚೇರಿ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2024ರ ಜೂನ್ 18ರಿಂದ ಅದು ಜಾರಿಯಲ್ಲಿದೆ. ಹಳೆಯ ಏಕಸ್ವಾಮ್ಯ ಹೋಯಿತು. ಅಂಚೆ ಚೀಟಿ ಹೊರಡಿಸುವ ಹಕ್ಕೊಂದು ಉಳಿಯಿತು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಅಂಚೆಯನ್ನು ತಡೆದು ನೋಡುವ ಅಧಿಕಾರವೂ ಉಳಿಯಿತು. ಚಿಕ್ಕದೇವರಾಜರು ನೋಡಿದ್ದರೆ ಮೀಸೆಯಡಿಯಲ್ಲಿ ನಗುತ್ತಿದ್ದರು. ಇಷ್ಟೆಲ್ಲ ಹೇಳಿದ ಕಾಯ್ದೆ ಒಂದು ಮಾತು ಹೇಳುವುದಿಲ್ಲ. ಕೊನೆಯ ಮನೆಗೂ ಬರುತ್ತೇವೆ, ಒಂದೇ ಬೆಲೆಗೆ ಬರುತ್ತೇವೆ, ವಾರಕ್ಕೆ ಇಷ್ಟು ದಿನ ಬರುತ್ತೇವೆ ಎಂಬ ಮಾತು ಅದರಲ್ಲಿಲ್ಲ. ಹಿರಿಮಗ ದುಡಿಯುತ್ತಿದ್ದ ಪಟ್ಟಣದ ಪೇಟೆ ಎಲ್ಲರಿಗೂ ತೆರೆದಿದೆ. ಅಜ್ಜಿಯನ್ನು ಯಾರು ನೋಡಿಕೊಳ್ಳಬೇಕೆಂದು ಮಾತ್ರ ಪಾಲುಪತ್ರದಲ್ಲಿ ಬರೆದಿಲ್ಲ. ಇವತ್ತಿನ ತನಕ ಇಲಾಖೆಯೇ ನೋಡಿಕೊಳ್ಳುತ್ತಿದೆ, ವಾಡಿಕೆಯ ಬಲದಿಂದ.

ಬರೆದಿಡದ ವಾಡಿಕೆಯ ಬೆಲೆ ಏನೆಂದು ತಿಳಿಯಬೇಕಾದರೆ ವಿಜಯನಗರದ ಯಾವುದಾದರೂ ಕೊರಿಯರ್ ಅಂಗಡಿಗೆ ಹೋಗಬೇಕು. ಅತ್ತೆಗೆ ಮಂಡಿನೋವಿನ ಎಣ್ಣೆ, ಒಂದಷ್ಟು ಹಳೆಯ ಮಾಸಪತ್ರಿಕೆ ಕಟ್ಟಿಕೊಂಡು ಹೋಗಿದ್ದೆ. ಹುಡುಗ ಪಿನ್‌ಕೋಡ್ ಒತ್ತಿ, ತಲೆಯಾಡಿಸಿದ.

"ಈ ಪಿನ್‌ಗೆ ಸರ್ವೀಸ್ ಇಲ್ಲ ಸಾರ್."

"ಯಾವುದಕ್ಕಿದೆ?"

"ತೀರ್ಥಹಳ್ಳಿ ಟೌನ್ ತನಕ ಇದೆ. ಅಲ್ಲಿಗೆ ಬಂದು ತಗೊಂಡು ಹೋಗಬೇಕು ಅವರೇ."

"ಅವರಿಗೆ ಮಂಡಿನೋವಪ್ಪ. ಅದಕ್ಕೇ ಎಣ್ಣೆ ಕಳಿಸ್ತಿರೋದು."

ಹುಡುಗ ಕೆಟ್ಟವನಲ್ಲ. ಆಚೀಚೆ ನೋಡಿ, ದನಿ ತಗ್ಗಿಸಿ, "ಪೋಸ್ಟಲ್ಲಿ ಹಾಕಿಬಿಡಿ ಸಾರ್, ಹೋಗುತ್ತೆ" ಎಂದ. ಬೆಂಗಳೂರಿನೊಳಗೆ ಕಳಿಸುವುದಿದ್ದರೆ ತಾನೇ ಮನೆಗೆ ಬಂದು ತೆಗೆದುಕೊಂಡು ಹೋಗುವುದಾಗಿ ಕಾರ್ಡನ್ನೂ ಕೊಟ್ಟ. ಅಂದರೆ ಹಾಲಿನ ಕೆನೆ ಅವರಿಗೆ, ಅಡಿ ಹತ್ತಿದ ಪಾತ್ರೆ ಪೋಸ್ಟಿಗೆ.

ಪೋಸ್ಟಿನಲ್ಲಿ ಹಾಕಿದೆ, ಹೋಯಿತು. ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಫೋನಿನಲ್ಲಿ ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ನಾನು ಹೇಳುವುದೇನಿದ್ದರೂ ಪೋಸ್ಟ್ ಕಾರ್ಡಿನಲ್ಲಿ. ವಾರದ ಮೇಲೆ ಫೋನು ಬರುತ್ತದೆ: "ಕಾರ್ಡು ಬಂತು ಮಾರಾಯ. ನೀ ಕೇಳಿದ್ದಕ್ಕೆ ಈಗ ಹೇಳ್ತೇನೆ, ಕೇಳು." ನಾನೇನು ಕೇಳಿದ್ದೆನೆಂದು ಅಷ್ಟರಲ್ಲಿ ನನಗೆ ಮರೆತಿರುತ್ತದೆ. ಹೀಗೆ ನಮ್ಮಿಬ್ಬರ ಸಂಭಾಷಣೆ ಅರ್ಧ ಹತ್ತೊಂಬತ್ತನೇ ಶತಮಾನದಲ್ಲೂ ಅರ್ಧ ಇಪ್ಪತ್ತೊಂದರಲ್ಲೂ ನಡೆಯುತ್ತಿದೆ. ಜಗುಲಿಯ ಪೋಸ್ಟಾಫೀಸು ಈಗಲೂ ಇದೆ. ಅದನ್ನು ನಡೆಸುವ ಗ್ರಾಮೀಣ ಡಾಕ್ ಸೇವಕರು ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂದು ನೇಮಕವಾದವರು. ದೇಶದಲ್ಲಿ ಇಂಥವರು ಸುಮಾರು ಎರಡೂವರೆ ಲಕ್ಷ. ಗಡಿಯಾರ ನಾಲ್ಕೈದು ಗಂಟೆ ಎನ್ನುತ್ತದೆ, ಹಳ್ಳ ಮತ್ತು ಗುಡ್ಡ ಬೇರೆ ಏನೋ ಹೇಳುತ್ತವೆ. ಅತ್ತೆಯ ಬೆರಳನ್ನು ಒಂದು ಯಂತ್ರಕ್ಕೆ ಒತ್ತಿಸಿ ಪಿಂಚಣಿಯನ್ನು ಜಗುಲಿಯಲ್ಲೇ ಎಣಿಸಿ ಕೊಡುವವರೂ ಅವರೇ. 2018ರಲ್ಲಿ ಶುರುವಾದ ಅಂಚೆ ಪಾವತಿ ಬ್ಯಾಂಕಿನ ದೆಸೆಯಿಂದ ನಮ್ಮ ಅತ್ತೆಗೆ ಬ್ಯಾಂಕು ಮನೆಗೆ ಬರುತ್ತದೆ. ನನಗೆ ಬ್ಯಾಂಕಿನವರು ಟೋಕನ್ ಕೊಟ್ಟು ಕೂರಿಸುತ್ತಾರೆ.

ಅದೇ ಆಗುಂಬೆಯಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದರು. ಆರ್. ಕೆ. ನಾರಾಯಣರ ಪೋಸ್ಟ್‌ಮ್ಯಾನ್ ತಾನಪ್ಪ, ಮದುವೆ ಮುರಿದುಹೋಗಬಾರದೆಂದು ಸಾವಿನ ಸುದ್ದಿಯನ್ನು ಕೊಡದೆ ತನ್ನಲ್ಲೇ ಇಟ್ಟುಕೊಂಡು, ಶುಭಕಾರ್ಯ ಮುಗಿದ ಮೇಲೆ ತಂದುಕೊಡುತ್ತಾನೆ. ಈಗಿನ ತಾನಪ್ಪನಿಗೆ ಆ ಸ್ವಾತಂತ್ರ್ಯವಿಲ್ಲ. ಚೀಲದಲ್ಲಿ ಕಾಗದ ಉಳಿದರೆ ಮೊಬೈಲು ಕೂಗಿಕೊಳ್ಳುತ್ತದೆ. ಸುಧಾರಣೆಯೆಂದರೆ ಇದೂ ಹೌದು: ತಡವಾಗಿ ತಂದುಕೊಡುವ ಸೋಮಾರಿತನಕ್ಕೂ ತಡವಾಗಿ ತಂದುಕೊಡುವ ಕರುಣೆಗೂ ಒಟ್ಟಿಗೇ ಬೀಗ.

ಸುಧಾರಣೆ ಎಲ್ಲ ಕಡೆಯೂ ನಡೆದಿದೆ. ಡೆನ್ಮಾರ್ಕಿನ ಸರ್ಕಾರ 2024ರಿಂದ ಸಾರ್ವತ್ರಿಕ ಸೇವೆಯ ಹೊಣೆಯನ್ನೇ ಕಾನೂನಿನಿಂದ ತೆಗೆದುಹಾಕಿತು. ಅಲ್ಲಿನ ಪೋಸ್ಟ್‌ನಾರ್ಡ್ ಸಂಸ್ಥೆ ಬೀದಿಯ ಕೆಂಪು ಡಬ್ಬಿಗಳನ್ನು ಕಿತ್ತು, 2025ರ ಕೊನೆಗೆ ನಾಲ್ಕು ಶತಮಾನಗಳ ಕಾಗದ ಬಟವಾಡೆಗೆ ಮಂಗಳ ಹಾಡಿತು. ರೋಲೆಂಡ್ ಹಿಲ್‌ನ ಬ್ರಿಟನ್ನಿನಲ್ಲೇ 2025ರ ಜುಲೈನಿಂದ ಎರಡನೇ ದರ್ಜೆಯ ಕಾಗದಗಳು ದಿನ ಬಿಟ್ಟು ದಿನ ಬಂದರೆ ಸಾಕೆಂದಾಗಿದೆ, ಶನಿವಾರ ಇಲ್ಲವೇ ಇಲ್ಲ. ನಮ್ಮ ಕಾವೇರಿ ನೀರು ದಿನ ಬಿಟ್ಟು ದಿನ ಬರುವುದನ್ನು ಕಂಡು ಬೆಳೆದ ನನಗೆ ಲಂಡನ್ನಿನವರ ಗೋಳು ಅಷ್ಟೇನೂ ದೊಡ್ಡದೆನಿಸಲಿಲ್ಲ.

ನಮ್ಮಲ್ಲಿ ಸುಧಾರಣೆ ಸದ್ದು ಮಾಡದೆ ಬರುತ್ತದೆ. 2024ರ ಡಿಸೆಂಬರಿನಲ್ಲಿ ಪುಸ್ತಕ ಕಳಿಸುವ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ದಿಢೀರನೆ ನಿಂತಿತು. ಬೆಂಗಳೂರಿನಲ್ಲಿ ಕೂತು ಬೀದರಿನ ಓದುಗನಿಗೆ ಪುಸ್ತಕ ಕಳಿಸುತ್ತಿದ್ದ ಸಣ್ಣ ಪ್ರಕಾಶಕರ ಎದೆ ಧಸಕ್ಕೆಂದಿತು. 2025ರ ಮೇ ತಿಂಗಳಲ್ಲಿ 'ಜ್ಞಾನ್ ಪೋಸ್ಟ್' ಎಂಬ ಹೆಸರಿನಲ್ಲಿ ಅದು ಮರುಜನ್ಮ ಪಡೆಯಿತು. 300 ಗ್ರಾಂ ತನಕ 20 ರೂಪಾಯಿ, 5 ಕೆ.ಜಿ.ಗೆ 100. ಕವನ ಸಂಕಲನಗಳು 300 ಗ್ರಾಂ ದಾಟುವುದು ಕಡಿಮೆ, ಆದ್ದರಿಂದ ಕವಿಗಳು ನಿಶ್ಚಿಂತರು. ಮೂರು ತಲೆಮಾರಿನ ಕತೆ ಹೇಳುವ ಕಾದಂಬರಿಕಾರರು ಒಂದು ತಲೆಮಾರನ್ನು ಕೈಬಿಡುವುದು ಕ್ಷೇಮ.

2025ರಲ್ಲೇ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ರಿಜಿಸ್ಟರ್ಡ್ ಎ.ಡಿ. ಎಂಬ ಎರಡಕ್ಷರಕ್ಕೆ ನಮ್ಮ ಬೀದಿ ನಡುಗುತ್ತಿದ್ದ ಕಾಲವಿತ್ತು. ಮಾಲೀಕ–ಬಾಡಿಗೆದಾರರ ಮಹಾಯುದ್ಧಗಳೆಲ್ಲ ಅದರ ಮೂಲಕವೇ ಘೋಷಣೆಯಾಗುತ್ತಿದ್ದವು. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ ಪೆನ್ನು ತೆಗೆದನೆಂದರೆ ಅರ್ಧ ಬೀದಿಯ ಗಂಡಸರು ಹಿತ್ತಿಲಿಗೆ ಹೋಗಿ 'ಮನೆಯಲ್ಲಿ ಇಲ್ಲ'ವಾಗುತ್ತಿದ್ದರು. ಆದರೆ 'ತೆಗೆದುಕೊಳ್ಳಲು ನಿರಾಕರಿಸಿದರು' ಎಂದು ಅವನು ಲಕೋಟೆಯ ಮೇಲೆ ಗೀಚಿದ ಒಂದು ಸಾಲನ್ನು ಕೋರ್ಟು ತಲುಪಿದ್ದಕ್ಕೆ ಸಮವೆಂದು ಎಣಿಸುತ್ತಿತ್ತು. ಈಗ ಸ್ಪೀಡ್ ಪೋಸ್ಟಿಗೆ ಐದು ರೂಪಾಯಿ ಹೆಚ್ಚು ಕೊಟ್ಟರೆ ರಿಜಿಸ್ಟ್ರೇಷನ್ನಿನ ಸೌಲಭ್ಯ ಸಿಗುತ್ತದೆ. ಆದರೆ ಬೆಲೆಯನ್ನು ನೋಡಿ. ಹಳೆಯ ರಿಜಿಸ್ಟರ್ಡ್ ಕಾಗದ ಪಕ್ಕದ ಬೀದಿಗೂ ಅಂಡಮಾನಿಗೂ ತೆರಿಗೆ ಬಿಟ್ಟು 22 ರೂಪಾಯಿ. 2025ರ ಅಕ್ಟೋಬರಿನ ದರದಲ್ಲಿ 50 ಗ್ರಾಂ ತನಕದ ಸ್ಪೀಡ್ ಪೋಸ್ಟ್ ಊರೊಳಗೆ 19, ಊರಾಚೆ 47, ತೆರಿಗೆ ಬೇರೆ. ತೂಕ ಹೆಚ್ಚಾದರೆ ದೂರಕ್ಕೆ ತಕ್ಕಂತೆ ಬೆಲೆಯೂ ಏರುತ್ತದೆ. ಹಿಲ್ ಮತ್ತು ಡಾಲ್‌ಹೌಸಿ ಮುಂಬಾಗಿಲಿನಿಂದ ಆಚೆ ಹಾಕಿದ ದೂರವೆಂಬ ನೆಂಟ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬಂದು ಕೂತಿದ್ದಾನೆ. ಇಲಾಖೆಯನ್ನು ಬೈಯುವಂತೆಯೂ ಇಲ್ಲ. ಕೊರಿಯರಿನವರ ಜೊತೆ ಓಡಬೇಕು, ಜಗುಲಿಯನ್ನೂ ಸಾಕಬೇಕು, ನಷ್ಟವೇಕೆಂದು ದೆಹಲಿಗೆ ಉತ್ತರವನ್ನೂ ಕೊಡಬೇಕು.

ಇದನ್ನೆಲ್ಲ ಒಂದು ದಿನ ನಮ್ಮ ಪೋಸ್ಟಿನ ಹುಡುಗಿಗೆ ಹೇಳಿದೆ. ಪೋಸ್ಟ್ ಕಾರ್ಡೊಂದೇ ಇನ್ನೂ ಧರ್ಮ ಬಿಟ್ಟಿಲ್ಲ, ಐವತ್ತು ಪೈಸೆಗೆ ದೇಶವೆಲ್ಲ ಸುತ್ತುತ್ತದೆ, ನಾನಂತೂ ಇವತ್ತಿಗೂ ಕಾರ್ಡು ಬರೆಯುತ್ತೇನೆ ಎಂದು ಎದೆಯುಬ್ಬಿಸಿದೆ. ಆಕೆ ಹೆಲ್ಮೆಟ್ ಸರಿಮಾಡಿಕೊಳ್ಳುತ್ತ ನಕ್ಕಳು. "ಅಂಕಲ್, ನಿಮ್ಮ ಒಂದೊಂದು ಕಾರ್ಡ್ ಮೇಲೂ ಡಿಪಾರ್ಟ್‌ಮೆಂಟಿಗೆ ಎಷ್ಟು ಲಾಸ್ ಗೊತ್ತಾ? ಐವತ್ತು ಪೈಸೆ ನೀವು ಕೊಡ್ತೀರ, ಅದರ ಎಷ್ಟೋ ಪಟ್ಟು ನಾವು ಖರ್ಚು ಮಾಡ್ತೀವಿ." ಇಷ್ಟು ದಿನ ನಾನು ಅಂಚೆಯನ್ನು ಉಳಿಸುತ್ತಿದ್ದೇನೆಂದು ತಿಳಿದಿದ್ದೆ. ನನ್ನಂಥ ಇನ್ನೊಂದಷ್ಟು ಅಭಿಮಾನಿಗಳು ಹುಟ್ಟಿಕೊಂಡರೆ ಇಲಾಖೆ ಬಾಗಿಲು ಹಾಕಬೇಕಾಗುತ್ತದೆ.

ಅತ್ತೆಗೆ ಕಾರ್ಡು ನಿಲ್ಲಿಸುವ ಹಾಗಿಲ್ಲ. ಹಾಗೆಂದು ಸಾಲ ಹೊತ್ತುಕೊಂಡು ಕೂರುವ ವಂಶವೂ ನಮ್ಮದಲ್ಲ. ಯೋಚಿಸಿ ಒಂದು ಉಪಾಯ ಮಾಡಿದೆ. ವಿಜಯನಗರದಲ್ಲಿ ಮಾರುತಿ ಮಂದಿರದ ಹತ್ತಿರ ನನ್ನ ತಂಗಿಯ ಮನೆ. ಮಾಗಡಿ ರಸ್ತೆ ದಾಟಿದರೆ ಬಂದೇಬಿಟ್ಟಿತು. ಅಷ್ಟು ಹತ್ತಿರಕ್ಕೆ ಹೋಗುವ ಹತ್ತೊಂಬತ್ತು ರೂಪಾಯಿಯ ಕಾಗದದಲ್ಲಿ ಇಲಾಖೆಗೆ ನಾಲ್ಕು ಕಾಸು ಉಳಿದೀತೆಂದು ಲೆಕ್ಕ ಹಾಕಿ, ಅತ್ತೆಗೆ ಕಾರ್ಡು ಬರೆದಾಗಲೆಲ್ಲ ತಂಗಿಗೊಂದು ಸ್ಪೀಡ್ ಪೋಸ್ಟ್ ಹಾಕತೊಡಗಿದೆ. ವಿಷಯ ದೊಡ್ಡದೇನಲ್ಲ. 'ಕ್ಷೇಮ. ಈ ಸಲದ ಅವರೆಕಾಯಿಗೆ ಸೊಗಡು ಕಡಿಮೆ.' ಇಷ್ಟೇ.

ಮೊದಲನೆಯದು ತಲುಪಿದ ದಿನ ತಂಗಿ ಗಾಬರಿಯಿಂದ ಫೋನು ಮಾಡಿದಳು. "ಏನಣ್ಣಾ ಇದು, ಸೈನ್ ಹಾಕಿಸಿಕೊಂಡು ಹೋದ್ರು. ಆಸ್ತಿ ಪಾಲು ಏನಾದ್ರೂ ಕೇಳ್ತಿದೀಯೇನೋ ಅಂತ ಎದೆ ಹೊಡ್ಕೊಂಡ್ತು. ಅವರೆಕಾಯಿ ವಿಷಯ ಫೋನಲ್ಲಿ ಹೇಳಕ್ಕಾಗ್ತಿರ್ಲಿಲ್ವಾ?"

"ಆಗ್ತಿತ್ತಮ್ಮ. ಆದರೆ ಅತ್ತೆಯ ಕಾರ್ಡಿನ ನಷ್ಟ ಯಾರು ಕಟ್ಟಿಕೊಡಬೇಕು?" ಎಂದು ಅಪ್ಪನ ಮನಿಯಾರ್ಡರಿನಿಂದ ಹಿಡಿದು ಡಾಲ್‌ಹೌಸಿಯವರೆಗೆ ಎಲ್ಲವನ್ನೂ ವಿವರಿಸಿದೆ. ಆಕೆ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಪೂರ್ತಿ ಕೇಳಿಸಿಕೊಂಡು, ಒಂದು ಗಳಿಗೆ ಮನಸ್ಸಿನಲ್ಲೇ ಕೂಡಿ ಕಳೆದು ಹೇಳಿದಳು: "ಹಂಗಾದ್ರೆ ಒಬ್ಬನೇ ಯಾಕೆ ಹೊರ್ತೀಯ? ಅತ್ತೆ ನನಗೂ ಅತ್ತೇನೇ. ಒಂದು ವಾರ ನೀನು ಹಾಕು, ಒಂದು ವಾರ ನಾನು ಹಾಕ್ತೀನಿ. ಆದ್ರೆ ಅವರೆಕಾಯಿ ಸೊಗಡಿನ ವಿಷಯದಲ್ಲಿ ನೀನು ಬರೆದಿರೋದು ತಪ್ಪು. ಅದಕ್ಕೆ ಉತ್ತರ ಫೋನಲ್ಲಿ ಹೇಳಲ್ಲ, ಕಾಯ್ತಾ ಇರು."